ಸುರೆ, ಸೋಮ, ಮಧು: ಪ್ರಾಚೀನ ನಂಬಿಕೆಯಲ್ಲಿ ಮದ್ಯದ ಸ್ಥಾನ ಮತ್ತು ಕನ್ನಡ ಕಾವ್ಯದ ಪಾನಗೋಷ್ಠಿ

ಪ್ರಾಚೀನ ಕನ್ನಡ ಮಹಾಕಾವ್ಯಗಳ ಅಭ್ಯಾಸದಲ್ಲಿ ಅಷ್ಟಾದಶ ವರ್ಣನೆಗಳಿಗೆ ದೊರೆಯುವ ಗಮನ ಸಾಮಾನ್ಯವಾಗಿ ಅಲ್ಪ. ಅವುಗಳಲ್ಲಿಯೂ ಪಾನಗೋಷ್ಠಿಗೆ ದೊರೆಯುವುದು ಇನ್ನೂ ಅಲ್ಪ. ಸೂರ್ಯೋದಯ, ಚಂದ್ರೋದಯ, ಋತುವರ್ಣನೆಗಳಲ್ಲಿ ಕವಿಯ ನಿಸರ್ಗಪ್ರೇಮವನ್ನು ಅರಸುವ ವಿಮರ್ಶಕರು ಪಾನಗೋಷ್ಠಿಯ ಬಳಿಗೆ ಬಂದೊಡನೆ ಅದನ್ನು ಲಕ್ಷಣಗ್ರಂಥದ ವಿಧಿಪಾಲನೆಯೆಂದೋ, ಆಶ್ರಯದಾತನಾದ ಅರಸನ ಅಭಿರುಚಿಗೆ ಸಲ್ಲಿಸಿದ ಕಪ್ಪವೆಂದೋ ಬದಿಗೆ ಸರಿಸುವುದುಂಟು. ಜೈನ ಕವಿಯೊಬ್ಬನು ಮದ್ಯಪಾನವನ್ನು ವರ್ಣಿಸಿದಾಗ ಈ ಮುಜುಗರ ಇಮ್ಮಡಿಸುತ್ತದೆ. ಆದರೆ ಹೀಗೆ ಸರಿಸಿಬಿಡುವುದರಿಂದ ಒಂದು ಬೆಲೆಯುಳ್ಳ ಸಾಂಸ್ಕೃತಿಕ ದಾಖಲೆ ನಮ್ಮ ಕೈತಪ್ಪುತ್ತದೆಯೆಂಬುದು ಪ್ರಸ್ತುತ ಲೇಖನದ ವಾದ. ಮದ್ಯವು ಪ್ರಾಚೀನ ಭಾರತದ ನಂಬಿಕೆಯಲ್ಲಿ ಕೇವಲ ಭೋಗವಸ್ತುವಾಗಿರಲಿಲ್ಲ. ಅದು ದೇವತೆಗೆ ಸಲ್ಲುವ ಹವಿಸ್ಸೂ ಆಗಿತ್ತು, ಮಹಾಪಾತಕದ ಮೂಲವೂ ಆಗಿತ್ತು. ಈ ಎರಡು ತುದಿಗಳ ನಡುವಣ ಎಳೆದಾಟವನ್ನು ಅರಿಯದೆ ಕನ್ನಡ ಕಾವ್ಯದ ಪಾನಗೋಷ್ಠಿಯನ್ನು ಅರ್ಥೈಸಲಾಗದು.

ಕರ್ನಾಟಕದ ಹೊರಗಿದ್ದು ಕನ್ನಡವನ್ನು ಅಭ್ಯಸಿಸುವವರಿಗೆ ಈ ವಿಷಯ ಇನ್ನೊಂದು ಕಾರಣದಿಂದಲೂ ಮುಖ್ಯ. ಅವರ ಸುತ್ತಣ ತಮಿಳು, ತೆಲುಗು, ಮರಾಠಿ ಪರಂಪರೆಗಳಲ್ಲಿ ಇದೇ ವಸ್ತುವಿಗೆ ಸಂಬಂಧಿಸಿದ ಸಾಮಗ್ರಿ ಹೇರಳವಾಗಿದೆ. ತೌಲನಿಕ ಅಧ್ಯಯನಕ್ಕೆ ಅವರಿಗಿರುವ ಅನುಕೂಲ ನಾಡಿನೊಳಗಿರುವವರಿಗೆ ಎಷ್ಟೋ ಬಾರಿ ಇರುವುದಿಲ್ಲ.

೧. ಪದಗಳ ತೊಡಕು

ಮೊದಲು ಪದಗಳನ್ನು ಬಿಡಿಸಿಕೊಳ್ಳಬೇಕು. ಅನುವಾದಕರು 'ಮಧು', 'ಸುರೆ', 'ಆಸವ', 'ಕಳ್' ಎಂಬ ಎಲ್ಲವನ್ನೂ ದ್ರಾಕ್ಷಿಯ ಮದ್ಯವೆಂಬ ಒಂದೇ ಅರ್ಥಕ್ಕೆ ಇಳಿಸುವುದರಿಂದ ಹಲವು ಗೊಂದಲಗಳು ಹುಟ್ಟಿವೆ. ಸುರೆಯು ಮೂಲತಃ ಧಾನ್ಯದಿಂದ ಹುದುಗಿಸಿದ ಪೇಯ. ಮನುಸ್ಮೃತಿಯು ಬೆಲ್ಲದಿಂದ ಆದ ಗೌಡಿ, ಹಿಟ್ಟಿನಿಂದ ಆದ ಪೈಷ್ಟಿ, ಮಧುವಿನಿಂದ ಆದ ಮಾಧ್ವಿ ಎಂದು ಸುರೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. 'ಮಧು' ಎಂಬುದು ಜೇನು, ಸಿಹಿಯಾದ ಪೇಯ, ಮಾದಕ ಪೇಯ ಎಂಬ ಅರ್ಥಗಳ ನಡುವೆ ಓಡಾಡುವ ಪದ. ಇದಕ್ಕೆ ಸಜಾತೀಯವಾದ ಗ್ರೀಕಿನ 'ಮೆಥು' ಎಂಬ ಪದ ದ್ರಾಕ್ಷಿಯ ಮದ್ಯಕ್ಕೆ ಸಲ್ಲುತ್ತದೆ. ಒಂದೇ ಮೂಲದ ಪದ ಒಂದೆಡೆ ಜೇನನ್ನೂ ಇನ್ನೊಂದೆಡೆ ಮದ್ಯವನ್ನೂ ಸೂಚಿಸುವುದು ಈ ಎರಡು ಪದಾರ್ಥಗಳ ಹಳೆಯ ನಂಟನ್ನು ತೋರಿಸುತ್ತದೆ. 'ಕಳ್' ಎಂಬುದಾದರೋ ದ್ರಾವಿಡ ಪದ. ತಮಿಳಿನ ಕಳ್, ತೆಲುಗಿನ ಕಲ್ಲು, ಮಲಯಾಳದ ಕಳ್ಳು ಇವೆಲ್ಲ ಒಂದೇ ಕುಲದವು.

ದ್ರಾಕ್ಷಿಯ ಮದ್ಯ ಭಾರತಕ್ಕೆ ಅಪರಿಚಿತವಾಗಿರಲಿಲ್ಲ. ಆದರೆ ಅದು ಬಹುಮಟ್ಟಿಗೆ ದೂರದಿಂದ ಬರುವ ವಸ್ತುವಾಗಿತ್ತು. ಪಾಣಿನಿಯು ಕಾಪಿಶೀ ಎಂಬ ಸ್ಥಳನಾಮದಿಂದ 'ಕಾಪಿಶಾಯನ' ಎಂಬ ರೂಪವನ್ನು ಸಾಧಿಸುವುದಕ್ಕೆ ಪ್ರತ್ಯೇಕ ಸೂತ್ರವನ್ನು ರಚಿಸಿದ್ದಾನೆ. ಕಾಶಿಕಾ ವ್ಯಾಖ್ಯೆಯು ಅದಕ್ಕೆ ಕೊಡುವ ಉದಾಹರಣೆಗಳು ಮಧು ಮತ್ತು ದ್ರಾಕ್ಷಿ. ಕಾಪಿಶೀ ಎಂದರೆ ಇಂದಿನ ಆಫ್ಘಾನಿಸ್ತಾನದ ಬೇಗ್ರಾಮ್ ಪ್ರದೇಶ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಬಗೆಗಳು ಬರುತ್ತವೆ. ಅಲ್ಲಿ ಮಧುವೆಂದರೆ ದ್ರಾಕ್ಷಾರಸವೆಂದೂ, ಅದಕ್ಕೆ ಉತ್ಪತ್ತಿಯ ನಾಡಿನಿಂದ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳೆಂದೂ ಹೇಳಿದೆ. ಕ್ರಿಸ್ತಶಕದ ಮೊದಲ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ನೌಕಾಯಾನ ಗ್ರಂಥವು ಭರುಕಚ್ಛದ ಆಮದುಗಳಲ್ಲಿ ಇಟಲಿಯ ಮದ್ಯಕ್ಕೆ ಅಗ್ರಸ್ಥಾನವನ್ನು ಕೊಡುತ್ತದೆ. ಪುದುಚೇರಿಯ ಸಮೀಪದ ಅರಿಕಮೇಡುವಿನಲ್ಲಿ ೧೯೪೫ರಲ್ಲಿ ಮಾರ್ಟಿಮರ್ ವ್ಹೀಲರ್ ನಡೆಸಿದ ಉತ್ಖನನದಲ್ಲಿ ಮೆಡಿಟರೇನಿಯನ್ ಮೂಲದ ಎರಡು ಹಿಡಿಗಳ ಮದ್ಯದ ಜಾಡಿಗಳ ಚೂರುಗಳು ದೊರೆತವು. ಯವನರು ತಂದ ತಂಪಾದ, ಕಮ್ಮನೆಯ ಮದ್ಯದ ಉಲ್ಲೇಖ ಸಂಗಂ ಸಾಹಿತ್ಯದ 'ಪುರನಾನೂರು' ಸಂಕಲನದಲ್ಲಿಯೂ ಇದೆ. ಇಂತಹ ವಿದೇಶೀ ಮದ್ಯ ಅರಸರ ವೈಭವದ ವಸ್ತು. ನಂಬಿಕೆ ಮತ್ತು ಆಚರಣೆಗಳ ಲೋಕದಲ್ಲಿ ಮಾತ್ರ ಸುರೆ, ಕಳ್ ಇವುಗಳದೇ ಪ್ರಾಧಾನ್ಯ.

೨. ಸೋಮವೂ ಸುರೆಯೂ

ನಮ್ಮ ಇಂದಿನ ಬಳಕೆಯಲ್ಲಿ 'ಸೋಮರಸ'ವೆಂಬುದು ಮದ್ಯಕ್ಕೆ ಒಂದು ವಿನೋದದ ಪರ್ಯಾಯವಾಗಿಬಿಟ್ಟಿದೆ. ವೈದಿಕ ವಾಙ್ಮಯದಲ್ಲಿ ಸೋಮ ಮತ್ತು ಸುರೆಗಳು ಒಂದೇ ಅಲ್ಲ. ಅವು ಪರಸ್ಪರ ವಿರುದ್ಧ ತತ್ತ್ವಗಳೆಂದೇ ಭಾವಿತವಾಗಿವೆ. ಸೋಮಲತೆಯನ್ನು ಯಜ್ಞದ ದಿನವೇ ಜಜ್ಜಿ, ಹಿಂಡಿ, ಉಣ್ಣೆಯ ಜರಡಿಯಲ್ಲಿ ಸೋಸಿ, ಪ್ರಾತಃ, ಮಾಧ್ಯಂದಿನ, ತೃತೀಯ ಎಂಬ ಮೂರು ಸವನಗಳಲ್ಲಿ ಆಹುತಿಯಿತ್ತು ಕುಡಿಯುತ್ತಿದ್ದರು. ಹುದುಗುವುದಕ್ಕೆ ಅಲ್ಲಿ ಕಾಲಾವಕಾಶವೇ ಇಲ್ಲ. ಸುರೆಯಾದರೋ ದಿನಗಟ್ಟಲೆ ಹುದುಗಬೇಕು. ಋಗ್ವೇದದ ಒಂಬತ್ತನೆಯ ಮಂಡಲದ ೧೧೪ ಸೂಕ್ತಗಳು ಪವಮಾನ ಸೋಮನ ಸ್ತುತಿಗೇ ಮೀಸಲಾಗಿವೆ. ಸೋಮಪಾನದಿಂದ ಅಮೃತತ್ವವನ್ನು ಪಡೆದೆವೆಂಬ ಋಷಿಗಳ ಉದ್ಗಾರ ಎಂಟನೆಯ ಮಂಡಲದಲ್ಲಿದೆ. ಸುರೆಗೆ ಅಂತಹ ಸ್ತುತಿಯಿಲ್ಲ. ಏಳನೆಯ ಮಂಡಲದ ವರುಣಸೂಕ್ತದಲ್ಲಿ ವಸಿಷ್ಠನು ಮನುಷ್ಯನನ್ನು ತಪ್ಪಿಗೆಳೆಯುವ ಕಾರಣಗಳನ್ನು ಎಣಿಸುವಾಗ ಕೋಪ, ಪಗಡೆ, ಅವಿವೇಕಗಳ ಸಾಲಿನಲ್ಲಿ ಸುರೆಯನ್ನೂ ನಿಲ್ಲಿಸುತ್ತಾನೆ.

ಆದರೂ ಸುರೆಯನ್ನು ಯಜ್ಞದಿಂದ ಹೊರದೂಡಲಿಲ್ಲವೆಂಬುದು ಗಮನಾರ್ಹ. ವಾಜಪೇಯ ಯಾಗದಲ್ಲಿ ೧೭ ಸೋಮಪಾತ್ರೆಗಳೊಡನೆ ೧೭ ಸುರಾಪಾತ್ರೆಗಳನ್ನೂ ತುಂಬುವ ವಿಧಿಯಿದೆ. ಹದಿನೇಳು ಪ್ರಜಾಪತಿಯ ಸಂಖ್ಯೆ. ಒಟ್ಟು ೩೪ ಪಾತ್ರೆಗಳನ್ನು ೩೩ ದೇವತೆಗಳಿಗೂ ೩೪ನೆಯವನಾದ ಪ್ರಜಾಪತಿಗೂ ಸಮನ್ವಯಗೊಳಿಸಲಾಗಿದೆ. ಅಧ್ವರ್ಯುವು ಸೋಮಪಾತ್ರೆಯನ್ನು ಬಂಡಿಯ ಅಚ್ಚಿನ ಮೇಲ್ಗಡೆ ಹಿಡಿದರೆ ನೇಷ್ಟೃವು ಸುರಾಪಾತ್ರೆಯನ್ನು ಅಚ್ಚಿನ ಕೆಳಗಡೆ ಹಿಡಿಯಬೇಕು. ಎರಡೂ ಒಂದನ್ನೊಂದು ಮುಟ್ಟಕೂಡದು. ಶತಪಥ ಬ್ರಾಹ್ಮಣವು ಸೋಮವನ್ನು ಸತ್ಯ, ಸಮೃದ್ಧಿ, ಬೆಳಕುಗಳಿಗೂ ಸುರೆಯನ್ನು ಅಸತ್ಯ, ಕೇಡು, ಕತ್ತಲೆಗಳಿಗೂ ಸಮೀಕರಿಸಿ, ಯಜಮಾನನು ಇವೆರಡನ್ನೂ ಗೆಲ್ಲಬೇಕಾದುದರಿಂದ ಎರಡೂ ಇರತಕ್ಕದ್ದೆಂದು ಸಮರ್ಥಿಸುತ್ತದೆ. ಲೋಕದ ಅರ್ಧಭಾಗವನ್ನು ಬಿಟ್ಟು ಲೋಕವನ್ನು ಗೆಲ್ಲಲಾಗದು ಎಂಬ ಈ ತರ್ಕ ಪ್ರಾಚೀನ ನಂಬಿಕೆಯ ಒಳಹೊಕ್ಕು ನೋಡುವುದಕ್ಕೆ ಕೀಲಿಕೈಯಂತಿದೆ.

ಸೌತ್ರಾಮಣಿ ಇಷ್ಟಿಯಲ್ಲಿ ಸುರೆಯೇ ಪ್ರಧಾನ ದ್ರವ್ಯ. ಅದರ ಹಿನ್ನೆಲೆಯ ಕಥೆ ಪ್ರಸಿದ್ಧವಾದುದು. ತ್ವಷ್ಟೃವಿನ ಮಗನಾದ ವಿಶ್ವರೂಪನಿಗೆ ಮೂರು ತಲೆ. ಒಂದು ಬಾಯಿಂದ ಸೋಮವನ್ನು, ಇನ್ನೊಂದರಿಂದ ಸುರೆಯನ್ನು, ಮತ್ತೊಂದರಿಂದ ಅನ್ನವನ್ನು ಸೇವಿಸುತ್ತಿದ್ದನು. ಇಂದ್ರನು ಆ ತಲೆಗಳನ್ನು ಕತ್ತರಿಸಿದಾಗ ಸೋಮದ ತಲೆ ಕಪಿಂಜಲ ಪಕ್ಷಿಯಾಯಿತು, ಸುರೆಯ ತಲೆ ಕಲವಿಂಕವಾಯಿತು, ಅನ್ನದ ತಲೆ ತಿತ್ತಿರಿಯಾಯಿತು. ಮಗನನ್ನು ಕಳೆದುಕೊಂಡ ತ್ವಷ್ಟೃವು ಇಂದ್ರನನ್ನು ಕರೆಯದೆ ಸೋಮಯಾಗ ಮಾಡಿದನು. ಕರೆಯಿಲ್ಲದೆ ಹೋಗಿ ಸೋಮವನ್ನು ಕುಡಿದ ಇಂದ್ರನ ತೇಜಸ್ಸು, ಬಲಗಳು ಅಂಗಾಂಗಗಳಿಂದ ಸೋರಿಹೋದವು. ಅಶ್ವಿನೀದೇವತೆಗಳೂ ಸರಸ್ವತಿಯೂ ಸೌತ್ರಾಮಣಿಯ ಮೂಲಕ ಅವನನ್ನು ಮತ್ತೆ ಕೂಡಿಸಿದರು. ಅತಿಯಾದ ಸೋಮಪಾನದಿಂದ ಕೆಟ್ಟವನಿಗೆ ಸುರೆಯಿಂದ ಚಿಕಿತ್ಸೆ ಎಂಬ ಈ ಭಾವನೆಯಲ್ಲಿ ಸುರೆಯು ಔಷಧವಾಗಿ ಕಾಣಿಸಿಕೊಳ್ಳುತ್ತದೆ. ಮೊಳೆತ ಬತ್ತ, ಮೊಳೆತ ಜವೆ, ಅರಳು, ಹುದುಗಿಸುವ ಬೇರುಗಳ ಪುಡಿ ಇವನ್ನು ಸೇರಿಸಿ ಮೂರು ರಾತ್ರಿ ಇರಿಸಿ ಈ ಸುರೆಯನ್ನು ಸಿದ್ಧಪಡಿಸುತ್ತಿದ್ದರು.

ಇಲ್ಲಿಯೇ ಪರಂಪರೆಯ ಮುಜುಗರವೂ ಮೊದಲಾಗುತ್ತದೆ. ಆಹುತಿಯಾದ ಮೇಲೆ ಉಳಿದ ಸುರೆಯನ್ನು ಯಾರು ಕುಡಿಯಬೇಕು? ತೈತ್ತಿರೀಯ ಬ್ರಾಹ್ಮಣವು ಇದಕ್ಕಾಗಿ ಒಬ್ಬ ಬ್ರಾಹ್ಮಣನಿಗೆ ಸಂಭಾವನೆಯಿತ್ತು ಗೊತ್ತುಮಾಡಿಕೊಳ್ಳಬೇಕೆಂದೂ, ಅಂತಹವನು ದೊರೆಯದಿದ್ದಲ್ಲಿ ಹುತ್ತದ ಮೇಲೆ ಸುರಿಯಬೇಕೆಂದೂ ವಿಧಿಸುತ್ತದೆ. ವಾಜಪೇಯದಲ್ಲಿ ಸುರೆಯ ಪಾತ್ರೆ ಕ್ಷತ್ರಿಯನಿಗೋ ವೈಶ್ಯನಿಗೋ ಸಲ್ಲುತ್ತದೆ. ಹೀಗೆ ವಿಧಿಯು ಉಳಿಯಿತು, ಪಾನವು ಜಾರಿತು. ಛಾಂದೋಗ್ಯ ಉಪನಿಷತ್ತಿನ ಹೊತ್ತಿಗೆ ಸುರಾಪಾನವು ಬ್ರಹ್ಮಹತ್ಯೆ, ಸುವರ್ಣಚೌರ್ಯ, ಗುರುತಲ್ಪಗಮನಗಳ ಪಂಕ್ತಿಯಲ್ಲಿ ನಿಂತಿರುತ್ತದೆ.

೩. ನಿಷೇಧದ ಕಥೆಗಳು

ಒಂದು ಕಾಲಕ್ಕೆ ದೇವದ್ರವ್ಯವಾಗಿದ್ದ ವಸ್ತು ಪಾತಕವಾದುದಕ್ಕೆ ಕಾರಣ ಹೇಳುವ ಹೊಣೆಯನ್ನು ಪುರಾಣಗಳು ಹೊತ್ತವು. ಮಹಾಭಾರತದ ಆದಿಪರ್ವದಲ್ಲಿ ಅಸುರರು ಕಚನನ್ನು ಸುಟ್ಟು ಅವನ ಬೂದಿಯನ್ನು ಸುರೆಯಲ್ಲಿ ಬೆರೆಸಿ ಶುಕ್ರಾಚಾರ್ಯನಿಗೆ ಕುಡಿಸುತ್ತಾರೆ. ತನ್ನ ಶಿಷ್ಯನನ್ನೇ ಕುಡಿದೆನೆಂಬುದು ತಿಳಿದಾಗ ಶುಕ್ರನು ಇನ್ನು ಮುಂದೆ ಸುರೆಯನ್ನು ಕುಡಿಯುವ ಬ್ರಾಹ್ಮಣನು ಬ್ರಹ್ಮಹತ್ಯೆಯ ಪಾಪಕ್ಕೆ ಒಳಗಾಗಲೆಂದು ಕಟ್ಟಳೆ ವಿಧಿಸುತ್ತಾನೆ. ಮೌಸಲಪರ್ವದಲ್ಲಿ ದ್ವಾರಕೆಯೊಳಗೆ ಸುರೆಯನ್ನು ತಯಾರಿಸಿದವರನ್ನು ಶೂಲಕ್ಕೇರಿಸುವೆವೆಂದು ಡಂಗುರ ಹೊಯಿಸಲಾಗುತ್ತದೆ. ಆದರೂ ಪ್ರಭಾಸಕ್ಷೇತ್ರದಲ್ಲಿ ಕುಡಿದು ಮತ್ತರಾದ ಯಾದವರು ಪರಸ್ಪರ ಹೊಡೆದಾಡಿ ನಾಶವಾಗುತ್ತಾರೆ.

ಜೈನ ಪರಂಪರೆ ಇದೇ ಕಥೆಗೆ ಇನ್ನೂ ತೀಕ್ಷ್ಣವಾದ ರೂಪವನ್ನು ಕೊಟ್ಟಿತು. ಪುನ್ನಾಟ ಸಂಘದ ಜಿನಸೇನನ ಸಂಸ್ಕೃತ ಹರಿವಂಶಪುರಾಣ ಶಕ ೭೦೫ರಲ್ಲಿ, ಎಂದರೆ ಕ್ರಿ. ಶ. ೭೮೩ರಲ್ಲಿ, ಮುಗಿಯಿತು. ಗ್ರಂಥ ಪೂರ್ಣವಾದುದು ಪಶ್ಚಿಮ ಭಾರತದ ವರ್ಧಮಾನಪುರದಲ್ಲಾದರೂ ಸಂಘದ ಹೆಸರು ದಕ್ಷಿಣ ಕರ್ನಾಟಕದ ಪುನ್ನಾಟಕ್ಕೆ ಸೇರಿದುದು. ಮದ್ಯದ ನಿಮಿತ್ತವಾಗಿ ದ್ವೈಪಾಯನ ಮುನಿಯಿಂದ ದ್ವಾರಕೆ ಸುಡುವುದೆಂದು ನೇಮಿನಾಥನು ಮುಂಗಾಣುತ್ತಾನೆ. ಊರಿನ ಮದ್ಯವನ್ನೆಲ್ಲ ಕಾಡಿನಲ್ಲಿ ಚೆಲ್ಲಲಾಗುತ್ತದೆ. ವರ್ಷಗಳ ಬಳಿಕ ಯಾದವ ಕುಮಾರರು ಬಾಯಾರಿ ಅದನ್ನೇ ಕುಡಿದು, ತಪೋನಿರತನಾದ ಮುನಿಯನ್ನು ಹಿಂಸಿಸುತ್ತಾರೆ; ಅವನ ಕೋಪಾಗ್ನಿಗೆ ಪುರ ಬೂದಿಯಾಗುತ್ತದೆ. ಚೆಲ್ಲಿದ ಮದ್ಯವೂ ಕಾದು ಕುಳಿತು ತನ್ನ ಕೆಲಸ ಮಾಡುತ್ತದೆ ಎಂಬ ಈ ಕಲ್ಪನೆಯಲ್ಲಿ ಮದ್ಯಕ್ಕೆ ವಿಧಿಯ ಸ್ವರೂಪವೇ ಬಂದಿದೆ.

ಜೈನ ಶ್ರಾವಕಾಚಾರ ಗ್ರಂಥಗಳು ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಗೃಹಸ್ಥನ ಮೂಲಗುಣಗಳಲ್ಲಿ ಎಣಿಸುತ್ತವೆ. ಅಮೃತಚಂದ್ರನ ಪುರುಷಾರ್ಥಸಿದ್ಧ್ಯುಪಾಯವು ಕೊಡುವ ಕಾರಣಗಳು ಮುಖ್ಯವಾಗಿ ಎರಡು: ಮದ್ಯವು ಮನಸ್ಸನ್ನು ಮೋಹಗೊಳಿಸಿ ಧರ್ಮವನ್ನು ಮರೆಸುತ್ತದೆ, ಹುದುಗಿದ ರಸವು ಅಸಂಖ್ಯ ಜೀವಿಗಳ ಜನ್ಮಸ್ಥಾನವಾದುದರಿಂದ ಅದನ್ನು ಕುಡಿಯುವುದೇ ಹಿಂಸೆ. ಬೌದ್ಧರ ಪಂಚಶೀಲದಲ್ಲಿಯೂ ಐದನೆಯದು ಸುರೆ, ಮೈರೇಯಾದಿ ಮದ್ಯಗಳಿಂದ ದೂರವಿರುವುದು. ಇಲ್ಲಿ ಅಭ್ಯಾಸಿಗಳು ಒಂದು ಎಚ್ಚರವನ್ನು ವಹಿಸಬೇಕು. ಜೈನರ ಈ ಮೂರು ಮಕಾರಗಳಲ್ಲಿ 'ಮಧು'ವೆಂದರೆ ಜೇನು. ಜೈನ ಕವಿಗಳ ಕಾವ್ಯದ ಪಾನಗೋಷ್ಠಿಯಲ್ಲಿ 'ಮಧು'ವೆಂದರೆ ಮದ್ಯ. ಒಬ್ಬನೇ ಕವಿ ಎರಡೂ ಅರ್ಥಗಳಲ್ಲಿ ಬಳಸಿರುವಾಗ ಸಂದರ್ಭವೇ ಪ್ರಮಾಣ.

ಈ ನಿಷೇಧದ ಎದುರಿಗೆ ಶಾಕ್ತ, ಕಾಪಾಲಿಕ ಪಂಥಗಳು ಮದ್ಯವನ್ನು ಮತ್ತೆ ಪೂಜೆಯ ಕೇಂದ್ರಕ್ಕೆ ತಂದವು. ದೇವೀಮಾಹಾತ್ಮ್ಯದಲ್ಲಿ ದೇವತೆಗಳು ಚಂಡಿಕೆಗೆ ಆಯುಧಗಳನ್ನು ಕೊಡುವಾಗ ಕುಬೇರನು ಕೊಡುವುದು ಸುರೆಯಿಂದ ಬರಿದಾಗದ ಪಾನಪಾತ್ರೆಯನ್ನು. ಮಹಿಷನನ್ನು ಕೊಲ್ಲುವ ಮುನ್ನ ದೇವಿಯು ಮಧುವನ್ನು ಕುಡಿದು, ಕಣ್ಣು ಕೆಂಪಾಗಿ, ಅಟ್ಟಹಾಸ ಮಾಡುತ್ತಾಳೆ. ಏಳನೆಯ ಶತಮಾನದಲ್ಲಿ ಕಾಂಚಿಯ ಪಲ್ಲವ ಮಹೇಂದ್ರವರ್ಮನು ರಚಿಸಿದ 'ಮತ್ತವಿಲಾಸ ಪ್ರಹಸನ'ದಲ್ಲಿ ಸತ್ಯಸೋಮನೆಂಬ ಕಾಪಾಲಿಕನು ಮದ್ಯದಂಗಡಿಯನ್ನು ಯಜ್ಞಶಾಲೆಗೆ ಹೋಲಿಸುತ್ತಾನೆ: ಅಲ್ಲಿನ ಕಂಬವೇ ಯೂಪ, ಮದ್ಯವೇ ಸೋಮ, ಕುಡುಕರೇ ಋತ್ವಿಜರು, ಕುಡಿಯುವ ಬಟ್ಟಲುಗಳೇ ಚಮಸಗಳು. ಇದು ನಗೆಗಾಗಿ ಹೇಳಿದ ಮಾತು. ಆದರೆ ಪ್ರೇಕ್ಷಕರಿಗೆ ಮದ್ಯ ಮತ್ತು ಯಜ್ಞಗಳ ಹಳೆಯ ನಂಟು ನೆನಪಿರದಿದ್ದರೆ ಈ ನಗೆ ಹುಟ್ಟುತ್ತಲೇ ಇರಲಿಲ್ಲ.

೪. ಕನ್ನಡ ಕಾವ್ಯದ ಪಾನಗೋಷ್ಠಿ

ಈ ಹಿನ್ನೆಲೆಯಲ್ಲಿ ಕನ್ನಡಕ್ಕೆ ಬರೋಣ. ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯದ ಅಂಗಗಳನ್ನು ಹೇಳುವಾಗ ಉದ್ಯಾನಕ್ರೀಡೆ, ಜಲಕ್ರೀಡೆಗಳೊಡನೆ ಮಧುಪಾನವನ್ನೂ ಸೇರಿಸಿದ್ದಾನೆ. ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಮೂಲಕ ಈ ವಿಧಿ ಕನ್ನಡದಲ್ಲಿ ನೆಲೆಗೊಂಡಿತು. ಆದುದರಿಂದ ಪಾನಗೋಷ್ಠಿ ಕವಿಸಮಯವೆಂಬುದು ನಿಜ. ಆದರೆ ಕವಿಸಮಯವಾದ ಮಾತ್ರಕ್ಕೆ ಅದರೊಳಗೆ ಕಾಣಿಸುವುದೆಲ್ಲ ಗ್ರಂಥದಿಂದ ಗ್ರಂಥಕ್ಕೆ ಇಳಿದುಬಂದುದೆಂದು ಹೇಳಲಾಗದು. ಪಂಪನ ವಿಕ್ರಮಾರ್ಜುನವಿಜಯ ಇದಕ್ಕೆ ಉತ್ತಮ ನಿದರ್ಶನ.

ಆ ಕಾವ್ಯದ ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನನು ಸುಭದ್ರೆಯಲ್ಲಿ ಮನಸೋತು ದ್ವಾರಕೆಯಲ್ಲಿರುವ ಸಂದರ್ಭ. ಬೆಳುದಿಂಗಳ ರಾತ್ರಿಯಲ್ಲಿ ಅವನು ಸೂಳೆಗೇರಿಯ ನೋಟಗಳನ್ನು ಕಾಣುತ್ತಾನೆ, ಪಾನಗೋಷ್ಠಿಯೂ ಅವುಗಳಲ್ಲೊಂದು. ಅಲ್ಲಿನ ಹೆಂಗಸರು ಕುಡಿಯಲು ಒಮ್ಮೆಗೇ ತೊಡಗುವುದಿಲ್ಲ. ಮೊದಲು ಮಂತ್ರಪೂರ್ವಕವಾಗಿ ಮಧುದೇವತೆಯನ್ನು ಅರ್ಚಿಸುತ್ತಾರೆ. ಬೆಲೆಬಾಳುವ ಪಾನಪಾತ್ರೆಗಳನ್ನು ತುಂಬುತ್ತಾರೆ. ಕಳ್ಳನ್ನು ನೆಲಕ್ಕೆ ಎರೆಯುತ್ತಾರೆ, ತಲೆಗೆ ತಳಿದುಕೊಳ್ಳುತ್ತಾರೆ, ಅದರಿಂದಲೇ ಹಣೆಗೆ ಬೊಟ್ಟಿಟ್ಟುಕೊಳ್ಳುತ್ತಾರೆ. ಧರ್ಮಕ್ಕೆಂದು ಕುಡಿಯಬಂದವರಿಗೆ ಮೀಸಲು ಕಳ್ಳನ್ನು ಎರೆಯಿಸುತ್ತಾರೆ. ಕಿರಿಯರು ಹಿರಿಯರೆಂಬ ಕ್ರಮವರಿತು ನಮಸ್ಕರಿಸುವುದೂ ಹರಸುವುದೂ ನಡೆಯುತ್ತದೆ. ಇದೆಲ್ಲ ಮುಗಿದ ಮೇಲೆಯೇ ಪಾನ. ಅನಂತರ ಮದವೇರಿದವರ ತೊದಲು, ತಪ್ಪುಮಾತು, ಹಾಸ್ಯ.

ಈ ಕ್ರಮವನ್ನು ಬಿಡಿಬಿಡಿಯಾಗಿ ನೋಡಬೇಕು. ದೇವತಾರ್ಚನೆ, ಭೂಮಿಗೆ ಎರೆಯುವ ತರ್ಪಣ, ಪ್ರೋಕ್ಷಣ, ತಿಲಕ, ಮೀಸಲು, ದಾನ, ಹಿರಿಯರಿಗೆ ವಂದನೆ. ಒಂದು ಪೂಜೆಯ ಅಂಗಗಳೆಲ್ಲ ಇಲ್ಲಿವೆ. ಇದರಲ್ಲಿ ದಂಡಿಯ ಲಕ್ಷಣದಿಂದ ಬಂದುದು 'ಮಧುಪಾನ'ವೆಂಬ ತಲೆಬರಹ ಮಾತ್ರ. ಸಂಸ್ಕೃತ ಮಹಾಕಾವ್ಯಗಳ ಪಾನಗೋಷ್ಠಿಗಳಲ್ಲಿ ಒತ್ತು ಬೀಳುವುದು ಬಟ್ಟಲಲ್ಲಿ ಕಾಣುವ ಪ್ರಿಯೆಯ ಮುಖದ ಪ್ರತಿಬಿಂಬ, ನಾಚಿಕೆಯ ಸಡಿಲಿಕೆ, ಪ್ರಣಯಕೋಪದ ಶಮನ ಇವುಗಳ ಮೇಲೆ. ಪಂಪನ ವರ್ಣನೆಯಲ್ಲಿ ಒಂದು ಸಮುದಾಯದ ಆಚಾರ ಕಾಣಿಸುತ್ತದೆ. 'ಮೀಸಲು' ಎಂಬ ಮಾತು ಇಲ್ಲಿ ವಿಶೇಷ ಗಮನಕ್ಕೆ ಅರ್ಹವಾದುದು. ದೇವರಿಗೆ ಸಲ್ಲುವ ತನಕ ಮನುಷ್ಯರು ಮುಟ್ಟದೆ ಎತ್ತಿಟ್ಟ ಪದಾರ್ಥಕ್ಕೆ ಇಂದಿಗೂ ಹಳ್ಳಿಗಳಲ್ಲಿ ಈ ಪದವೇ ಬಳಕೆಯಲ್ಲಿದೆ. ಕಳ್ಳಿಗೆ ಮೀಸಲೆಂಬ ವಿಶೇಷಣ ಸೇರಿದಾಗ ಅದು ಭೋಗದ ವಲಯದಿಂದ ಪವಿತ್ರದ ವಲಯಕ್ಕೆ ದಾಟುತ್ತದೆ. ಅಂದಿನ ಸೂಳೆಗೇರಿಯಲ್ಲಿ ಕಂಡುದನ್ನು ಕವಿ ಬರೆದಿದ್ದಾನೆ ಎಂದು ಊಹಿಸುವುದೇ ಹೆಚ್ಚು ಸಮಂಜಸ.

ಈ ವಾದಕ್ಕೆ ನೆರೆನಾಡಿನ ಬೆಂಬಲವಿದೆ. ಪುರನಾನೂರಿನಲ್ಲಿ ಔವೈಯಾರ್ ತನ್ನ ಆಶ್ರಯದಾತನಾದ ಅದಿಯಮಾನನ ಮರಣದ ಬಳಿಕ, ನವಿಲುಗರಿಯಿಂದ ಸಿಂಗರಿಸಿದ ಅವನ ನಡುಕಲ್ಲಿಗೆ ಸಣ್ಣ ಪಾತ್ರೆಯಲ್ಲಿ ಸೋಸಿದ ಕಳ್ಳನ್ನು ಅರ್ಪಿಸುವುದನ್ನು ಶೋಕದಿಂದ ನೆನೆಯುತ್ತಾಳೆ. ಸತ್ತ ವೀರನಿಗೆ ಕಳ್ಳಿನ ನೈವೇದ್ಯ ಸಲ್ಲುತ್ತಿತ್ತೆಂಬುದಕ್ಕೆ ಇದು ಸ್ಪಷ್ಟ ಪ್ರಮಾಣ. ಕೊಡಗಿನಲ್ಲಿ ಕಾರಣರಿಗೆ, ಎಂದರೆ ಮನೆತನದ ಪೂರ್ವಜರಿಗೆ, ಊಟದೊಡನೆ ಮದ್ಯವನ್ನೂ ಇರಿಸುವ ಪದ್ಧತಿ, ತುಳುನಾಡಿನಲ್ಲಿ ಕೆಲವು ಭೂತಗಳಿಗೆ ಕಳ್ಳನ್ನು ಎಡೆಯಿಡುವ ಪದ್ಧತಿ ಇದೇ ನಂಬಿಕೆಯ ಕೊಂಡಿಗಳು. ದೂರದ ಗ್ರೀಸಿನಲ್ಲಿಯೂ ಪಾನಗೋಷ್ಠಿಯ ಮೊದಲ ಹನಿಗಳು ದೇವತೆಗಳಿಗೆ ಸಲ್ಲುತ್ತಿದ್ದವು. ಅಥೆನ್ಸ್ ನಗರದಲ್ಲಿ ವಸಂತದ ಆರಂಭಕ್ಕೆ ಹೊಸ ಮದ್ಯದ ಜಾಡಿಗಳನ್ನು ತೆರೆಯುವ, ಡಯೋನೈಸಸ್ ದೇವನ ಮೂರು ದಿನದ ಆಂಥೆಸ್ಟೀರಿಯಾ ಹಬ್ಬದ ಕೊನೆಯ ದಿನ ಸತ್ತವರಿಗೆ ಮೀಸಲಾಗಿತ್ತು. ಇವುಗಳ ನಡುವೆ ಕೊಡುಕೊಳೆಯನ್ನು ಕಲ್ಪಿಸಬೇಕಾಗಿಲ್ಲ. ಹುದುಗುವಿಕೆ ಕಣ್ಣಿಗೆ ಕಾಣದ ಕ್ರಿಯೆ. ಇಟ್ಟ ರಸ ತಾನಾಗಿ ಕುದಿದು, ನೊರೆಯೆದ್ದು, ಬೇರೆಯೇ ವಸ್ತುವಾಗುತ್ತದೆ. ಕುಡಿದವನು ತಾನಲ್ಲದ ಇನ್ನೊಬ್ಬನಾಗುತ್ತಾನೆ. ಅಲ್ಲೊಂದು ದೈವದ ಆವೇಶವಿದೆಯೆಂದು ಪ್ರಾಚೀನರು ಎಲ್ಲೆಡೆಯೂ ಬಗೆದುದು ಸಹಜ. ಕಾಣುವ ಲೋಕದಿಂದ ಕಾಣದ ಲೋಕಕ್ಕೆ ಮುಟ್ಟಿಸುವ ದ್ರವ್ಯವಾಗಿ ಅದು ದೇವತೆಗೂ ಪಿತೃವಿಗೂ ಸಂದಿತು.

೫. ಜೈನ ಕವಿಯ ಸಮನ್ವಯ

ಹಾಗಾದರೆ ಮದ್ಯತ್ಯಾಗವನ್ನು ಮೂಲಗುಣವೆಂದು ನಂಬಿದ ಪಂಪನು ಇದನ್ನು ಹೇಗೆ ಬರೆದನು? ಲೌಕಿಕವನ್ನು ಒಂದರಲ್ಲಿ, ಆಗಮಿಕವನ್ನು ಇನ್ನೊಂದರಲ್ಲಿ ಬೆಳಗಿದನೆಂಬ ಪ್ರಸಿದ್ಧ ವಿಭಜನೆ ಒಂದು ಉತ್ತರ. ಆದರೆ ಆಗಮಿಕ ಕಾವ್ಯದಲ್ಲಿಯೂ ಈ ಸಮಸ್ಯೆ ಅವನನ್ನು ಬಿಡಲಿಲ್ಲ. ೯೪೧ರಲ್ಲಿ ರಚಿತವಾದ ಆದಿಪುರಾಣದಲ್ಲಿ ಭೋಗಭೂಮಿಯ ಪ್ರಸ್ತಾಪವಿದೆ. ಜೈನ ಪರಂಪರೆಯಂತೆ ಅಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳು, ಅವುಗಳಲ್ಲೊಂದು 'ಮದ್ಯಾಂಗ'. ಪುಣ್ಯಫಲವಾಗಿ ದೊರೆಯುವ ಲೋಕದಲ್ಲಿ ಮದ್ಯವನ್ನು ಕೊಡುವ ಮರ! ಮದ್ಯವು ದಿವ್ಯಸುಖದ ಅಂಗವೆಂಬ, ಜೈನಕ್ಕಿಂತ ಹಳೆಯದಾದ ನಂಬಿಕೆಯೊಂದು ಈ ಹೆಸರಿನಲ್ಲಿ ಉಳಿದುಕೊಂಡಂತೆ ತೋರುತ್ತದೆ.

ಪಂಪನಿಗೆ ಆಕರವಾದ ಸಂಸ್ಕೃತ ಆದಿಪುರಾಣದ ಕರ್ತೃ ಜಿನಸೇನನಿಗೆ ಈ ತೊಡಕು ಹೊಳೆದಿತ್ತು. ಇವನು ವೀರಸೇನನ ಶಿಷ್ಯ, ರಾಷ್ಟ್ರಕೂಟ ಅಮೋಘವರ್ಷನ ಗುರು. ಮೇಲೆ ಹೇಳಿದ ಹರಿವಂಶಪುರಾಣದ ಜಿನಸೇನನಿಂದ ಬೇರೆಯಾದವನು. ಮದ್ಯಾಂಗ ವೃಕ್ಷಗಳು ಕೊಡುವುದು ನಿಜವಾದ ಮದ್ಯವನ್ನಲ್ಲ, ಅದು ಒಂದು ಬಗೆಯ ವೃಕ್ಷರಸ. ಉಲ್ಲಾಸವನ್ನು ಉಂಟುಮಾಡುವ ಸಾದೃಶ್ಯದಿಂದ ಅದಕ್ಕೆ ಉಪಚಾರವಾಗಿ ಆ ಹೆಸರು ಬಂದಿದೆ. ಕುಡುಕರು ಬಯಸುವ, ಅಂತಃಕರಣವನ್ನು ಮೋಹಗೊಳಿಸುವ ಮದ್ಯವಾದರೋ ಆರ್ಯರಿಗೆ ವರ್ಜ್ಯವೆಂದು ಅವನು ವಿವರಣೆಯಿತ್ತಿದ್ದಾನೆ. ಹೆಸರನ್ನು ಅಳಿಸಲಾರದೆ ಅರ್ಥವನ್ನು ಬದಲಿಸಿದ ಈ ಕ್ರಮ ಸೌತ್ರಾಮಣಿಯಲ್ಲಿ ವಿಧಿಯನ್ನು ಬಿಡಲಾರದೆ ಸುರೆಯನ್ನು ಹುತ್ತಕ್ಕೆ ಸುರಿದ ಕ್ರಮಕ್ಕೆ ಎಷ್ಟು ಹತ್ತಿರವಾಗಿದೆ! ಧರ್ಮಗಳು ಬೇರೆ, ಶತಮಾನಗಳು ಬೇರೆ. ಹಳೆಯ ನಂಬಿಕೆಯನ್ನು ಎದುರಿಸಿದ ಬಗೆ ಒಂದೇ.

ಹನ್ನೆರಡನೆಯ ಶತಮಾನದಲ್ಲಿ ಈ ಪರಂಪರೆ ಎರಡು ದಿಕ್ಕಿಗೆ ಹೊರಳಿತು. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಮದಿರಾಪಾನವನ್ನು ಅರಸನ ಕ್ರೀಡೆಗಳಲ್ಲಿ ಒಂದಾಗಿ ವರ್ಣಿಸುತ್ತದೆ. ಇದು ಅರಮನೆಯ ದಿಕ್ಕು. ಅದೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನು 'ಧರ್ಮೇಶ್ವರಲಿಂಗ' ಅಂಕಿತದಲ್ಲಿ ವಚನಗಳನ್ನು ರಚಿಸಿದ್ದಾನೆ, ದೊರೆತಿರುವುದು ೧೨. ಹೆಂಡ ಮಾರುವುದು ಅವನ ಕಾಯಕ. ತನ್ನ ಕಾಯಕದ ಪರಿಭಾಷೆಯನ್ನೇ ಅವನು ಅನುಭಾವದ ಪರಿಭಾಷೆಯನ್ನಾಗಿ ಮಾಡಿಕೊಂಡು, ಹೊರಗಣ ಹೆಂಡಕ್ಕೆ ಪ್ರತಿಯಾಗಿ ಒಳಗಣ ಸುಧೆಯನ್ನು ಮಾರಲು ನಿಂತನು. ಮಂತ್ರವಿಲ್ಲ, ಮೀಸಲಿಲ್ಲ, ನಿಷೇಧದ ಗದರಿಕೆಯೂ ಇಲ್ಲ. ಸೋಮವನ್ನು ಮೇಲಕ್ಕೂ ಸುರೆಯನ್ನು ಕೆಳಕ್ಕೂ ಹಿಡಿದ ಹಳೆಯ ವಿಂಗಡಣೆಯನ್ನು, ಆ ಕೆಳಗಿನದನ್ನು ಮಾರಿ ಬದುಕಿದವನೇ ಒಳಗಿನಿಂದ ಕರಗಿಸಿದನು. ಶಾಸ್ತ್ರಗಳು ಮದ್ಯದ ಶುದ್ಧಾಶುದ್ಧಿಯನ್ನು ಚರ್ಚಿಸಿದವೇ ಹೊರತು ಅದನ್ನು ಕಾಯಿಸಿ, ಇಳಿಸಿ, ಹೊತ್ತು ಮಾರಿದವರ ಮಾತನ್ನು ಕೇಳಿದ್ದು ವಿರಳ. ಆ ಮಾತು ಕನ್ನಡದಲ್ಲಿ ಅವರದೇ ದನಿಯಲ್ಲಿ ಉಳಿದಿದೆಯೆಂಬುದು ಅಲ್ಪ ವಿಷಯವಲ್ಲ.

೬. ಮುಂದಣ ಕೆಲಸ

ಇಷ್ಟರಿಂದ ಮೂಡುವ ತೀರ್ಮಾನಗಳನ್ನು ಸಂಗ್ರಹಿಸಬಹುದು. ಒಂದು, ಸೋಮ, ಸುರೆ, ಮಧು, ಕಳ್ಳುಗಳನ್ನು ಒಂದೇ ಪದದಿಂದ ಅನುವಾದಿಸುವುದು ಅವುಗಳ ನಡುವಣ ಧಾರ್ಮಿಕ ಶ್ರೇಣಿಯನ್ನೇ ಅಳಿಸಿಹಾಕುತ್ತದೆ. ಎರಡು, ನಿಷೇಧದ ತೀವ್ರತೆಯು ಮದ್ಯದ ಹಿಂದಿನ ಪಾವಿತ್ರ್ಯಕ್ಕೆ ಸಾಕ್ಷಿ. ಕೇವಲ ಭೋಗವಾಗಿದ್ದ ವಸ್ತುವನ್ನು ಬ್ರಹ್ಮಹತ್ಯೆಯ ಪಕ್ಕದಲ್ಲಿ ನಿಲ್ಲಿಸುವ ಅಗತ್ಯ ಬೀಳುತ್ತಿರಲಿಲ್ಲ. ಮೂರು, ಪಂಪನ ಪಾನಗೋಷ್ಠಿ ಹತ್ತನೆಯ ಶತಮಾನದ ಒಂದು ಆಚರಣೆಯ ದಾಖಲೆಯಾಗಿ ಪರಿಶೀಲನಾರ್ಹವಾಗಿದೆ. ಅದನ್ನು ಬರೆಯಲು ಅವನ ಮತ ಅಡ್ಡಿಯಾಗಲಿಲ್ಲವೆಂಬುದು ಅವನ ಕವಿತ್ವದ ಹಿರಿಮೆ.

ಅನ್ಯ ಚಂಪೂಕಾವ್ಯಗಳ ಪಾನಗೋಷ್ಠಿಗಳಲ್ಲಿ ಅರ್ಚನೆ, ತರ್ಪಣ, ಮೀಸಲುಗಳ ಉಲ್ಲೇಖವನ್ನು ಪಟ್ಟಿಮಾಡಿ ಪಂಪನೊಡನೆ ಹೋಲಿಸುವುದು ಮೊದಲ ಕೆಲಸ. ಚೆನ್ನೈಯಲ್ಲಿರುವವರು ಸಂಗಂ ಸಾಹಿತ್ಯದ ನಡುಕಲ್ಲಿನ ಆರಾಧನೆಯನ್ನು ಕನ್ನಡದ ವೀರಗಲ್ಲುಗಳೊಡನೆ ಇಟ್ಟು ನೋಡಬಹುದು. ಹೈದರಾಬಾದಿನವರಿಗೆ ತೆಲಂಗಾಣದ ಗ್ರಾಮದೇವತೆಗಳಿಗೆ ಸಲ್ಲುವ ಕಲ್ಲಿನ ಸಾಕ ಕಣ್ಣೆದುರಿಗಿದೆ. ಮುಂಬಯಿಯಲ್ಲಿ ನೆಲೆಸಿರುವ ತುಳುನಾಡಿನ ಕುಟುಂಬಗಳಲ್ಲಿ ದೈವಕ್ಕೆ ಎಡೆಯಿಡುವ ಕ್ರಮ ಊರನ್ನು ಬಿಟ್ಟ ಮೇಲೆ ಏನಾಗಿದೆ, ಕಳ್ಳು ದ್ರವ್ಯವಾಗಿಯೇ ಉಳಿದಿದೆಯೋ ಎಳನೀರಿಗೆ ಮಾರ್ಪಟ್ಟಿದೆಯೋ ಎಂಬುದನ್ನು ಮನೆಮನೆಗೆ ಹೋಗಿ ಕೇಳಿ ಬರೆದಿಡಬೇಕು. ಹಾಗೆ ಮಾರ್ಪಟ್ಟಿದ್ದಲ್ಲಿ ಅದು ಸಂಸ್ಕೃತಿಯ ಅವನತಿಯಲ್ಲ. ಸುರೆಯನ್ನು ಹುತ್ತಕ್ಕೆ ಸುರಿದವರೂ ಮದ್ಯಾಂಗದ ಅರ್ಥವನ್ನು ಬದಲಿಸಿದವರೂ ನಡೆದ ದಾರಿಯೇ ಅದು. ಹಿರಿಯರ ನೆನಪಿನಲ್ಲಿರುವುದನ್ನು ಅವರು ಇರುವಾಗಲೇ ಕೇಳಿಕೊಳ್ಳುವುದು ಮಾತ್ರ ನಮ್ಮ ಮೇಲಿರುವ ಹೊಣೆ.